ಹಳಿ ಒರೆಸುವ ಯೋಡರ್ ತಾತ

ಅಮೆರಿಕದ ರೈಲ್ವೆ ಊರಾದ ಆಲ್ಟೂನದ ನಮ್ಮ ಆಟಿಕೆ ರೈಲಿನ ಕ್ಲಬ್ಬಿಗೆ ಯೋಡರ್ ತಾತ ಬಂದರೆಂದರೆ ಮೊದಲು ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು, ಆಮೇಲೆ ಬೈಗುಳ. "ಯಾವನೋ ಅವ್ನು ಹಳಿಗೆ ಉಪ್ಪುಕಾಗದ ಉಜ್ಜಿದ್ದು? ಗೀರು ಬಿದ್ರೆ ಕೊಳೆ ಅಲ್ಲೇ ಕೂರತ್ತೆ, ಕರೆಂಟು ಹರಿಯಲ್ಲ!" ಹಳೇ ಬನಿಯನ್ನಿನ ಚೂರನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಮೇಜಿನ ಮೇಲಿನ ಹಳಿಯನ್ನು ಗೇಣುಗೇಣಾಗಿ ಒರೆಸುತ್ತಿದ್ದರು; ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಯಾರೂ ರೈಲು ಮುಟ್ಟುವಂತಿರಲಿಲ್ಲ. "ನೀವೂ ಒಂದ್ಸಲ ಓಡ್ಸಿ ತಾತ" ಎಂದರೆ, "ಓಡ್ಸೋದು ನನ್ ಕೆಲ್ಸ ಅಲ್ಲ" ಎಂದು ಗದರುತ್ತಿದ್ದರು. ಗ್ಯಾಂಗ್‌ಮನ್ ಆಗಿ ಅವರು ನಲವತ್ತು ವರ್ಷ ಕಾದಿದ್ದ ನಿಜವಾದ ಹಳಿಯನ್ನು ರೈಲ್ವೆ ಕಂಪನಿ ಎಂದೋ ಕಿತ್ತುಹಾಕಿತ್ತು. ಕೊನೆಗೆ ನಮ್ಮ ಹೆಬ್ಬೆರಳೆತ್ತರದ ಎಂಜಿನ್ ಹೊರಟಾಗ, ತಾತ ಆ ಹಳಿಯ ಪಕ್ಕ ನಿಲ್ಲುತ್ತಿದ್ದಂತೆಯೇ ಎರಡು ಹೆಜ್ಜೆ ಹಿಂದೆ ಸರಿದು, ಕಡೆಯ ಡಬ್ಬಿ ದಾಟುವವರೆಗೂ ಒಂದೊಂದು ಚಕ್ರವನ್ನೂ ದಿಟ್ಟಿಸಿ, ಒಳಗಿನ ಪ್ಲಾಸ್ಟಿಕ್ ಡ್ರೈವರಿಗೆ ಕೈ ಎತ್ತುತ್ತಿದ್ದರು.