ಬೆಂಚಿನ ಮೇಲೆ ಕೂತ ಮಾಜಿ ಮಂತ್ರಿ

ಮೊನ್ನೆ ಅಂಚೆ ಕಚೇರಿಯಲ್ಲಿ ಮೊಹರಿನ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕೋಲಾರದ ನಮ್ಮ ಸಾಹೇಬರ ಜಗಲಿ ನೆನಪಾಯಿತು. ಎಂಬತ್ತರ ದಶಕದಲ್ಲಿ ನಮ್ಮ ಕಡೆಯಿಂದ ಗೆದ್ದು ಮಂತ್ರಿಯಾಗಿದ್ದವರು ಅವರು. ನಾನು ಅವರ ಮನೆಯಲ್ಲಿ ಪತ್ರ ಬರೆಯುವವನು.

ಬೆಳಕು ಹರಿಯುವ ಹೊತ್ತಿಗೆ ಜಗಲಿಯ ತುಂಬ ಜನ. ವರ್ಗಾವಣೆ, ಬಸ್ಸು, ಕೊಳವೆಬಾವಿ, ಎಲ್ಲಕ್ಕೂ ಒಂದೊಂದು ಶಿಫಾರಸು ಪತ್ರ. ಸಹಿ ಅವರದಾದರೂ ಅಕ್ಷರ ನನ್ನದಲ್ಲವೇ? ಹಾಗಾಗಿ ಅರ್ಧ ಮಂತ್ರಿ ನಾನೇ ಎಂದು ನಂಬಿದ್ದೆ. ಮುಳಬಾಗಿಲಿನ ಬಸ್ಸಿನಲ್ಲಿ ಕಂಡಕ್ಟರು ನನಗೆ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದ. ನೀವಾಗಿದ್ದರೂ ನಂಬುತ್ತಿದ್ದಿರಿ ಬಿಡಿ.

ಇಂಥ ಸಾಹೇಬರು ಒಂದು ದಿನ ರಾಜೀನಾಮೆ ಕೊಟ್ಟು ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದನ್ನು ಸೇರಿಬಿಟ್ಟರು. "ಒಂದು ಅರ್ಜಿ ಎಷ್ಟು ಮೇಜು ದಾಟ್ತದೆ ಗೊತ್ತೇನಯ್ಯ? ಎಲ್ಲಿ ನಿಂತಿದೆ ಅಂತ ಮಂತ್ರಿಯಾದ ನನಗೇ ಗೊತ್ತಾಗಲ್ಲ. ಆ ಮೆಷಿನ್ನು ಹೇಳ್ತದಂತೆ" ಎಂದರು. ನನ್ನ ತಲೆಗೆ ಅದು ಹೋಗಲಿಲ್ಲ. ನನ್ನ ದರ್ಬಾರು ಮುಗಿಯಿತಲ್ಲ ಎಂಬುದಷ್ಟೇ ಹೊಳೆದದ್ದು. ಮಾನ ಉಳಿಸಿಕೊಳ್ಳಲು, ಕೇಳಿದವರಿಗೆಲ್ಲ "ಸಾಹೇಬ್ರಿಗೆ ಇನ್ನೂ ದೊಡ್ಡ ಇಲಾಖೆ ಸಿಕ್ಕಿದೆ" ಎನ್ನತೊಡಗಿದೆ.

ರಾಯಲ್ಪಾಡಿನ ವೆಂಕಟಮ್ಮ ಅದನ್ನು ನಂಬಿದರು. ಅವರ ಮಗಳು ದೂರದ ಬೀದರದಲ್ಲಿ ಟೀಚರು. ಹಸುಗೂಸನ್ನು ಇವರ ಬಳಿ ಬಿಟ್ಟು ಕೆಲಸಕ್ಕೆ ಹೋಗಿದ್ದಳು. "ಮಗು ತಾಯಿ ಮುಖಾನೇ ಮರೀತಾ ಐತೆ ಸ್ವಾಮಿ, ದೊಡ್ಡ ಇಲಾಖೆಗೇ ಕರ್ಕೊಂಡೋಗಿ" ಎಂದು ಕೂಸನ್ನೂ ಮಗಳ ವರ್ಗಾವಣೆಯ ಅರ್ಜಿಯನ್ನೂ ಹಿಡಿದು ಬಂದರು. ಆಡಿದ ಸುಳ್ಳಿಗೆ ಸಿಕ್ಕಿಬಿದ್ದು ಬೆಂಗಳೂರಿಗೆ ಕರೆದುಕೊಂಡು ಹೋದೆ.

ಸಾಹೇಬರ ಕಂಪನಿಯಲ್ಲಿ ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿಗಳ ಸಾಲು. ಯಂತ್ರಕ್ಕೆ ಧೂಳು ಆಗದು ಎಂದು ಎಲ್ಲರೂ ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದರು. ವೆಂಕಟಮ್ಮ ತಾವೂ ಚಪ್ಪಲಿ ಬಿಟ್ಟು, ಗಾಜಿನಾಚೆಯ ಪೆಟ್ಟಿಗೆಗಳಿಗೆ ಕೈಮುಗಿದು, ಕೂಸಿನ ಕೈಗಳನ್ನೂ ಜೋಡಿಸಿದರು.

ಸಾಹೇಬರು ಅರ್ಜಿ ಓದಿದರು. "ಲೇದಮ್ಮಾ, ನನ್ ಕೈಲಿ ಈಗ ಏನೂ ಇಲ್ಲ" ಎಂದರು ಮೆಲ್ಲಗೆ.

ಆಕೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಸಾಹೇಬರಿಗೆ ಎಲ್ಲ ಅರ್ಥವಾಯಿತು. ಬೈಯಲಿಲ್ಲ. "ಕೇಳೋಕೆ ಬಾಯಿದೆಯಲ್ಲ, ಬಾಮ್ಮಾ" ಎಂದು ಚಪ್ಪಲಿ ಮೆಟ್ಟಿದರು.

ಶಿಕ್ಷಣ ಇಲಾಖೆಯಲ್ಲಿ ಚೀಟಿ ಕೊಟ್ಟು, ಹೊರಗಿನ ಬೆಂಚಿನ ಮೇಲೆ ಎಲ್ಲರಂತೆ ಕೂತರು. ಹಿಂದೆ ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ಅಧಿಕಾರಿ ಎರಡು ಸಲ ಎದುರಿಗೇ ಹಾದುಹೋದರು. ಮಧ್ಯಾಹ್ನವಾಯಿತು. ಕೂಸು ಸಾಹೇಬರ ತೊಡೆಯ ಮೇಲೆ ನಿದ್ದೆಹೋಗಿತ್ತು. ನಮ್ಮೂರಿನವರು ಯಾರಾದರೂ ನೋಡಿಬಿಟ್ಟರೆ ಎಂಬ ನಾಚಿಕೆಯಿಂದ ನಾನು ಕಾಫಿಯ ನೆಪ ಹೇಳಿ ಎದ್ದುಹೋದವನು, ಅವರು ಕೆಲಸ ಮುಗಿಸಿ ಇಳಿದು ಬರುವವರೆಗೂ ಒಳಗೆ ಕಾಲಿಡಲಿಲ್ಲ.

ಆ ಬೇಸಿಗೆಯಲ್ಲೇ ಮಗಳಿಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ವೆಂಕಟಮ್ಮ ಒಂದು ಬುಟ್ಟಿ ಮಾವಿನಹಣ್ಣು ತಂದು, "ಸಾಹೇಬ್ರಿಗೆ ತಲುಪಿಸಪ್ಪಾ" ಎಂದು ನನ್ನ ಮನೆಯಲ್ಲಿಟ್ಟರು. ಯಾವ ಮುಖ ಹೊತ್ತು ಹೋಗಲಿ? ನಾಳೆ, ನಾಡಿದ್ದು ಎನ್ನುತ್ತ ಹಣ್ಣು ಕಳಿತವು. ನಾವೇ ತಿಂದೆವು.

ಸಾಹೇಬರಿಗೆ ಈಗ ತೊಂಬತ್ತು ದಾಟಿದೆ. ಕೋಲಾರಕ್ಕೇ ವಾಪಸು ಬಂದಿದ್ದಾರೆ. ಇಷ್ಟು ವರ್ಷ ಅವರ ಬೀದಿ ತಪ್ಪಿಸಿ ನಡೆದವನು ನಿನ್ನೆ ಫೋನು ಮಾಡಿದೆ. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು: "ಲೇ, ಆ ಕೂಸು ಹೆಂಗಿದೆಯೋ? ಅಮ್ಮನ ಗುರುತು ಹಿಡೀತಾ?"

ನನಗೆ ಗೊತ್ತಿರಲಿಲ್ಲ. ಒಂದು ದಿನವೂ ವಿಚಾರಿಸಿರಲಿಲ್ಲ. ಇವತ್ತು ಮೊದಲ ಬಸ್ಸಿಗೆ ರಾಯಲ್ಪಾಡಿಗೆ ಹೊರಟಿದ್ದೇನೆ, ಕೇಳಿಕೊಂಡು ಬರಲು.