ಮೂವತ್ತೆರಡು ಚೌಕದೊಳಗಿನ ಆನೆ

ಕಳೆದ ವಾರ ಮೂರು ದಿನ ಕೂತು ಆನೆ, ತಕ್ಕಡಿ, ನವಿಲುಗಳನ್ನೆಲ್ಲ ಐಕಾನ್ ಮಾಡಿದೆ. ನಗಬೇಡಿ. ಸಂಬಳಕ್ಕೇ ಮಾಡಿದ್ದು.

ಹೊಸ ಕಂಪ್ಯೂಟರ್‌ಗಳು ಈಗ ಪರದೆಯ ಮೇಲೆ ಪುಟ್ಟ ಪುಟ್ಟ ಚಿತ್ರ ತೋರಿಸುತ್ತವೆ. ಅದರ ಮೇಲೆ ಮೌಸ್ ಒತ್ತಿದರೆ ಫೈಲ್ ತೆರೆದುಕೊಳ್ಳುತ್ತದೆ. ಆ ಚಿತ್ರವೇ ಐಕಾನ್. ಉದ್ದಕ್ಕೆ ಮೂವತ್ತೆರಡು ಚೌಕ, ಅಗಲಕ್ಕೆ ಮೂವತ್ತೆರಡು ಚೌಕ, ಹದಿನಾರು ಬಣ್ಣ. ಅಷ್ಟರಲ್ಲೇ ಎಲ್ಲ ಹಿಡಿಸಬೇಕು. (ಮುಲುಂಡ್‌ನ ನಮ್ಮ ಒಂದೇ ರೂಮಿನಲ್ಲಿ ಐದು ಜನ ಇದ್ದೇವೆ. ಆದರೂ ಇದು ಕಷ್ಟ.)

ನಮ್ಮದು ವಡಾಲದ ಗೋದಾಮಿನ ಮೇಲಿನ ಆಫೀಸು. ಹಡಗಿಗೆ ಹೋಗುವ ಚೀಲ, ಪೆಟ್ಟಿಗೆಗಳ ಮೇಲೆ ಪ್ರತಿ ಪಾರ್ಟಿಗೂ, ಅಂದರೆ ಗಿರಾಕಿಗೂ, ಒಂದೊಂದು ‘ಮಾರ್ಕಾ’ ಇರುತ್ತದೆ. ಓದು ಬಾರದ ಹಮಾಲನೂ ಅದನ್ನು ನೋಡಿ ಮಾಲು ಬೇರ್ಪಡಿಸುತ್ತಾನೆ. ತಗಡಿನಲ್ಲಿ ಈ ಮಾರ್ಕಾ ಕತ್ತರಿಸಿ, ಅದನ್ನು ಚೀಲದ ಮೇಲಿಟ್ಟು ಮಸಿ ಬಳಿಯುವವರು ಬಿಜಾಪುರದ ದಸ್ತಗೀರ್ ಚಾಚಾ. ಇಪ್ಪತ್ತೈದು ವರ್ಷದಿಂದ ಅದೇ ಕೆಲಸ.

“ಯೇ ಬುಡ್ಢಾ ದಿನ್‌ಭರ್ ಕರ್ತಾ ಕ್ಯಾ ಹೈ?” ಈ ಮುದುಕನಿಗೆ ದಿನವಿಡೀ ಏನು ಕೆಲಸ ಎಂದು ನಮ್ಮ ಮಾಲೀಕ ಸೇಠ್ ಎರಡು ಸಲ ನನ್ನನ್ನು ಕೇಳಿದ್ದರು. ಮೂರನೇ ಸಲ ಕೇಳುವವರಲ್ಲ ಅವರು. ಚಾಚಾನ ಮಾರ್ಕಾಗಳನ್ನೇ ಪಾರ್ಟಿಗಳ ಫೈಲಿಗೆ ಐಕಾನ್ ಮಾಡಿಟ್ಟರೆ ಅವರ ಬೆಲೆ ಸೇಠ್‌ಗೆ ಗೊತ್ತಾದೀತು, ಕೆಲಸ ಉಳಿದೀತು ಎಂದು ನಾನೇ ಮುಂದೆ ಬಿದ್ದೆ. ನನಗ್ಯಾಕೆ ಬೇಕಿತ್ತು?

ಆನೆಯ ಮಾರ್ಕಾವನ್ನು ಪ್ರೆಸ್ಸೊಂದರಲ್ಲಿ ಸ್ಕ್ಯಾನ್ ಮಾಡಿಸಿ, ಫ್ಲಾಪಿಯಲ್ಲಿ ತಂದು, ಕುಗ್ಗಿಸಿ, ಐಕಾನ್ ಫೈಲ್ ಮಾಡಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಚಪ್ಪಲಿ ಹೊರಗೆ ಬಿಟ್ಟು ಎ.ಸಿ. ಕ್ಯಾಬಿನ್ನಿಗೆ ಬಂದ ಚಾಚಾ ನನ್ನ ಕುರ್ಚಿಯ ಹಿಂದೆ ನಿಂತು ನೋಡಿದರು.

“ಇದ ಆನಿ ಅಲ್ರಿ ಸಾಹೇಬ್ರ. ಹೊಲಿಗಿ ಮಷೀನು.”

“ಕಂಪ್ಯೂಟರ್ ಮಾಡೋದೇ ಇಷ್ಟು ಚಾಚಾ.”

“ನೀವು ದೊಡ್ಡ ಆನೀನ ಒತ್ತಿ ಸಣ್ಣದು ಮಾಡಾಕತ್ತೀರಿ. ಹಂಗ ಆಗೂದಿಲ್ರಿ. ಸಣ್ಣ ಆನಿ ಅಂದ್ರ ಬ್ಯಾರೇನ ಇರತದ. ಕಣ್ಣು ತಗೀರಿ, ಬಾಲ ತಗೀರಿ. ಉಗುರಂತೂ ಬ್ಯಾಡೇ ಬ್ಯಾಡ. ಬೆನ್ನು, ಸೊಂಡಿ ಇಟ್ರ ಬಸ್, ಹಮಾಲಗ ಗೊತ್ತಾಗತದ.”

ಅವರು ಹೇಳಿದ ಚೌಕ ಅಳಿಸಿದೆ, ಹೇಳಿದ ಚೌಕ ತುಂಬಿಸಿದೆ. ಆನೆ ಬಂತು! ಕಣ್ಣಿಲ್ಲದಿದ್ದರೂ ನನ್ನನ್ನೇ ನೋಡುತ್ತಿತ್ತು. ಚಾಚಾ ದಿನವೂ ಬಂದು ಹೇಳುತ್ತಾ ಹೋದಂತೆ, ಮೂರನೇ ದಿನದ ಹೊತ್ತಿಗೆ ಎಲ್ಲ ಮಾರ್ಕಾಗಳೂ ಮುಗಿದವು.

ಸೇಠ್ ಬಂದರು, ನೋಡಿದರು, ಬೆನ್ನು ತಟ್ಟಿದರು. ಚಾಚಾನದಲ್ಲ, ನನ್ನದು.

“ಅರೆ ವಾಹ್! ಯಹೀ ಪಿಕ್ಚರ್ ಪ್ರಿಂಟರ್ ಸೇ ಲೇಬಲ್ ಪೆ ನಿಕಾಲೋ. ಅಬ್ ಚಾಚಾ ಕಾ ಕ್ಯಾ ಕಾಮ್?”

“ಸರ್, ಇದೆಲ್ಲ ಅವರೇ...” ಎಂದು ಬಾಯಿ ತೆರೆದೆ. ಸೇಠ್ ಆಗಲೇ ಫೋನ್ ಎತ್ತಿಕೊಂಡಿದ್ದರು. ಪ್ರಿಂಟರೇ ಲೇಬಲ್ ಮೇಲೆ ಆನೆ ಅಚ್ಚು ಹಾಕಿದರೆ ತಗಡು, ಮಸಿ ಯಾರಿಗೆ ಬೇಕು? ಮುಂದಿನ ತಿಂಗಳಿನಿಂದ ಬರುವುದು ಬೇಡ ಎಂದು ಚಾಚಾಗೆ ಹೇಳುವ ಕೆಲಸವೂ ನನ್ನ ತಲೆಗೇ ಬಂತು. ಹೇಳಿದೆ.

ಅವತ್ತು ಸಂಜೆ ಕುರ್ಲಾದಲ್ಲಿ ಇಬ್ಬರೂ ಒಂದೇ ಲೋಕಲ್ ಹತ್ತಿದೆವು. ಅವರದು ಭಾಂಡುಪ್, ನನ್ನದು ಅದರ ಮುಂದಿನ ಸ್ಟೇಷನ್. ಮೈ ಸೋತಿತ್ತು, ಮನಸ್ಸೂ ಸೋತಿತ್ತು. ಅವರು ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. ಬಯ್ಯಲಿಲ್ಲ. ನಾಚಿಕೆಯಾಗಿ ನಾನು ಪೇಪರ್ ಓದುವವನಂತೆ ನಟಿಸಿದೆ. (ಲೋಕಲ್‌ನಲ್ಲಿ ಪೇಪರ್ ಮತ್ತೇತಕ್ಕೆ?)

ಬಾಗಿಲ ಕಡೆ ಸರಿಯುತ್ತಾ ಅವರೇ ಕೇಳಿದರು. “ಸಾಹೇಬ್ರ, ಆ ಮಷೀನ ಕಲೀಬೇಕಂದ್ರ ನನ್ನಂಥವಗ ಎಷ್ಟ ದಿನ ಬೇಕಾಗತದ್ರಿ?”

ಗಾಡಿ ನಿಂತಿತು. ಹಿಂದಿನವರು ತಳ್ಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಪ್ಲಾಟ್‌ಫಾರ್ಮಿನ ಗುಂಪಿನಲ್ಲಿದ್ದರು.

ಎಷ್ಟು ದಿನ? ಒಂದು ಮಧ್ಯಾಹ್ನ ಸಾಕಿತ್ತು. ಐಕಾನ್ ಮಾಡುವುದು ಅವರಿಗೆ ಬರುತ್ತಿತ್ತು. ನನಗೆ ಬರುತ್ತಿದ್ದದ್ದು ಗುಂಡಿ ಒತ್ತುವುದು ಮಾತ್ರ.

ಮೂರು ದಿನ ನಿಂತೇ ಇದ್ದ ಮನುಷ್ಯನಿಗೆ ಒಮ್ಮೆಯಾದರೂ ‘ಬನ್ನಿ, ಇಲ್ಲಿ ಕೂತ್ಕೊಳ್ಳಿ’ ಎನ್ನಲು ನನಗೇನಾಗಿತ್ತು?