ಫ್ಯಾನಿನ ಪಕ್ಕದ ಸೀಟು

2004ರಲ್ಲಿ ನಾನು ಆಗಷ್ಟೇ ಕಣ್ಣುಬಿಟ್ಟಿದ್ದ ಒಂದು ಅಗ್ಗದ ದರದ ವಿಮಾನ ಕಂಪನಿಯಲ್ಲಿ ಕ್ಯಾಬಿನ್ ಇನ್‌ಚಾರ್ಜ್ ಆಗಿದ್ದೆ. ಹಾರಾಟದ ಹೊತ್ತಿನಲ್ಲಿ ಪ್ರಯಾಣಿಕರ ಸುರಕ್ಷತೆಯ ಹೊಣೆ ಹೊತ್ತವಳು ಎಂದು ಅರ್ಥ. ನಮ್ಮ ಬೀದಿಯವರ ಲೆಕ್ಕದಲ್ಲಿ ಮಾತ್ರ ನಾನು ಪ್ಲೇನಿನಲ್ಲಿ ಟೀ ಕೊಡುವ ಹುಡುಗಿ. ಆ ಟೀಯನ್ನೂ ನಾವು ಕೊಡುತ್ತಿರಲಿಲ್ಲ, ಮಾರುತ್ತಿದ್ದೆವು. ಅಮ್ಮನೂ ನಾನೂ ರಾಮಮೂರ್ತಿ ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಕೈಕೆಳಗೆ ಇದ್ದವಳು ಒಬ್ಬಳೇ, ಶಿವಾಜಿನಗರದ ಫರ್ಹಾನಾ.

ಆ ವರ್ಷ ಕಂಪನಿ ಉತ್ತರ ಕರ್ನಾಟಕದ ಒಂದು ಸಣ್ಣ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಸರ್ವಿಸ್ ಶುರು ಮಾಡಿತು. ಅಲ್ಲಿ ದನ ಮೇಯುತ್ತಿದ್ದ ರನ್‌ವೇಯನ್ನು ಗುಡಿಸಿ, ತಗಡಿನ ಶೆಡ್ಡಿಗೆ ಟರ್ಮಿನಲ್ ಎಂಬ ಬೋರ್ಡು ತಗುಲಿಸಿದ್ದರು. ನಮ್ಮದು ನಲವತ್ತೆಂಟು ಸೀಟಿನ ಟರ್ಬೊಪ್ರಾಪ್ ವಿಮಾನ. ರೆಕ್ಕೆ ತಲೆಯ ಮೇಲಿರುತ್ತದೆ, ಎರಡೂ ಬದಿಯಲ್ಲಿ ಒಂದೊಂದು ದೊಡ್ಡ ಪ್ರೊಪೆಲ್ಲರ್ ತಿರುಗುತ್ತದೆ. ಪ್ರಯಾಣಿಕರು ಅದನ್ನು ಫ್ಯಾನ್ ಎನ್ನುತ್ತಿದ್ದರು, ಕೊನೆಗೆ ನಾವೂ ಹಾಗೇ ಅನ್ನತೊಡಗಿದೆವು. ಖರ್ಚು ಉಳಿಸಲು ಕಂಪನಿ ಸೀಟ್ ನಂಬರನ್ನೇ ಕೈಬಿಟ್ಟಿತ್ತು. ಮೊದಲು ಬಂದವರು ಬೇಕಾದಲ್ಲಿ ಕೂರಬಹುದು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಗೊತ್ತಿದ್ದ ನಮ್ಮ ಜನಕ್ಕೆ ಇಷ್ಟು ಸಾಕಾಯಿತು. ವಿಮಾನದ ಕಿಟಕಿ ತೆರೆಯುವುದಿಲ್ಲವಾದ್ದರಿಂದ, ಮೊದಲು ಹತ್ತಿದವರು ಓಡಿ ಹೋಗಿ ಹಿಂದೆ ಬರುವವರಿಗಾಗಿ ಟವೆಲ್ ಹಾಸುತ್ತಿದ್ದರು. ಒಂದು ವಾರ ಅವರೊಂದಿಗೆ ಜಗಳವಾಡಿ ನಾನೇ ಸೋತು ಸುಮ್ಮನಾದೆ.

ನಾನು ಹೇಳಹೊರಟ ದಿನ ಎಲ್ಲರಿಗಿಂತ ಮೊದಲು ಟವೆಲ್ ಹಾಸಿದವರು ಬೆಂಗಳೂರಿನ ಅಂಚಿನ ಹೊರಮಾವಿನ ಮುನಿಶಾಮಪ್ಪ. ಎಪ್ಪತ್ತರ ಆಸುಪಾಸಿನ, ಬಿಳಿ ಪಂಚೆಯ ಹಿರಿಯರು. ಭತ್ತ ಬೆಳೆಯುತ್ತಿದ್ದ ಗದ್ದೆ ಲೇಔಟ್ ಆದ ಮೇಲೆ ಮೊದಲ ಬಾರಿಗೆ ಪುರುಸೊತ್ತು ಕಂಡವರು. ನಾವು ಹೊರಡುತ್ತಿದ್ದ ಆ ಉತ್ತರದ ಊರಿನಲ್ಲಿ ನೌಕರಿಯಲ್ಲಿದ್ದ ಅಳಿಯನ ಮನೆಗೆ ಮಗಳ ಸೀಮಂತಕ್ಕೆಂದು ಗಂಡ ಹೆಂಡತಿ ರೈಲಿನಲ್ಲಿ ಹೋಗಿದ್ದರು. ವಾಪಸ್ ಬರುವಾಗ ಅಳಿಯ ವಿಮಾನದ ಟಿಕೆಟ್ ತೆಗೆಸಿಕೊಟ್ಟಿದ್ದ. ಹೆಂಡತಿ ಅಕ್ಕಯ್ಯಮ್ಮನವರ ಎರಡೂ ಕೈ ತುಂಬ ಸೀಮಂತದಲ್ಲಿ ತೊಡಿಸಿದ ಹಸಿರು ಗಾಜಿನ ಬಳೆ. ಬಾಗಿಲ ಹತ್ತಿರವೇ ಕೂರೋಣ ಎಂದು ಆಕೆ ಎಷ್ಟು ಹೇಳಿದರೂ ಮುನಿಶಾಮಪ್ಪ ಕೇಳಲಿಲ್ಲ.

"ಬಾ ಇಲ್ಲಿ, ಫ್ಯಾನ್ ಪಕ್ಕದಾಗೇ ಸೀಟ್ ಹಿಡ್ದಿವ್ನಿ. ಎಲ್ಲಾ ಚೆನ್ನಾಗ್ ಕಾಣ್ತದೆ."

ಬೆಂಗಳೂರಿನವರೆಗೆ ಏನೂ ತೊಂದರೆಯಿಲ್ಲದೆ ಬಂದೆವು. ಹಳೇ ಏರ್‌ಪೋರ್ಟಿನ ರನ್‌ವೇ ಕಾಣುವಷ್ಟು ಇಳಿದಿದ್ದೆವು, ಚಕ್ರಗಳು ಹೊರಬಿದ್ದ ಸದ್ದೂ ಕೇಳಿಸಿತ್ತು. ಅಷ್ಟರಲ್ಲಿ ಎಂಜಿನ್ ಒಮ್ಮೆಲೇ ಜೋರಾಗಿ ಮೊರೆದು ವಿಮಾನ ಮತ್ತೆ ಮೇಲೇರತೊಡಗಿತು. ಸಣ್ಣ ತಾಂತ್ರಿಕ ಕಾರಣ ಎಂದು ಕ್ಯಾಪ್ಟನ್ ಸ್ಪೀಕರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ನಗರದ ಪೂರ್ವ ದಿಕ್ಕಿನಲ್ಲಿ ಸುತ್ತು ಹಾಕಲು ಶುರುವಾಯಿತು. ಕೆ.ಆರ್. ಪುರದ ತೂಗುಸೇತುವೆ, ರೈಲು ಹಳಿ, ಕೆರೆ, ಮತ್ತೆ ತೂಗುಸೇತುವೆ.

ಮುನಿಶಾಮಪ್ಪ ಕೈಯೆತ್ತಿ ನನ್ನನ್ನು ಕರೆದರು. "ಅಮ್ಮಣ್ಣಿ, ನಮ್ಮೂರ ಕೆರೆ ಮೂರ್ ಸಲ ಬಂತು. ಯಾಕೆ, ಇಳಿಯಾಕೆ ಜಾಗ ಇಲ್ವಾ?"

"ಕೆಳಗೆ ಟ್ರಾಫಿಕ್ ಜಾಸ್ತಿ ತಾತ," ಎಂದು ಸುಳ್ಳು ಹೇಳಿದೆ.

"ಟಿನ್ ಫ್ಯಾಕ್ಟರಿ ತಾವ ಇದ್ದಂಗೆ ಇಲ್ಲೂನಾ?"

ಸುತ್ತಲಿನವರು ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಕಾಕ್‌ಪಿಟ್‌ನಿಂದ ಗಂಟೆಯಾಯಿತು. ಫೋನೆತ್ತಿದೆ.

"ಶೈಲಾ, ಎಡಗಡೆ ಚಕ್ರದ ಹಸಿರು ಲೈಟ್ ಬರ್ತಿಲ್ಲ," ಎಂದರು ಕ್ಯಾಪ್ಟನ್. "ಕೆಳಗಿಂದ ಟವರ್‌ನವರು ನೋಡಿದಾರೆ. ಚಕ್ರ ಇಳಿದಿದೆಯಂತೆ, ಲಾಕ್ ಆಗಿದೆಯೋ ಇಲ್ವೋ ಯಾರಿಗೂ ಗೊತ್ತಾಗ್ತಿಲ್ಲ. ಫ್ಯೂಯೆಲ್ ಸ್ವಲ್ಪ ಕಮ್ಮಿ ಮಾಡ್ಕೊಂಡು ಇಳಿಸ್ತೀನಿ. ನಿಮಗೆ ಇಪ್ಪತ್ತು ನಿಮಿಷ ಇದೆ. ಎಡಗಡೆ ಫ್ಯಾನ್ ಪಕ್ಕದ ಎರಡು ಸಾಲು ಖಾಲಿ ಮಾಡಿಸಿ."

ಇದರ ಅರ್ಥ ಹೇಳಬೇಕು. ಇಳಿದ ಚಕ್ರ ಲಾಕ್ ಆಗದಿದ್ದರೆ ನೆಲ ಮುಟ್ಟಿದ ಕೂಡಲೇ ಭಾರಕ್ಕೆ ಮಡಚಿಕೊಳ್ಳುತ್ತದೆ. ವಿಮಾನ ಎಡಕ್ಕೆ ವಾಲುತ್ತದೆ, ತಿರುಗುತ್ತಿರುವ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಮುರಿದ ಚೂರುಗಳು ಪಕ್ಕದ ಗೋಡೆ ಸೀಳಿಕೊಂಡು ಒಳಗೆ ಬರಬಹುದು. ಅದಕ್ಕೇ ಆ ಎರಡು ಸಾಲು.

ನನಗೆ ಹೆದರಿಕೆಯಾಯಿತು. ಕಿಟಕಿಯಲ್ಲಿ ಆಗ ಹಾದುಹೋಗುತ್ತಿದ್ದದ್ದು ರಾಮಮೂರ್ತಿ ನಗರ. ಅಲ್ಲೆಲ್ಲೋ ಒಂದು ತಾರಸಿಯ ಕೆಳಗೆ ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿರುತ್ತಾಳೆ ಎನಿಸಿತು. ಹಿಂದಿನ ಬಾಗಿಲ ಬಳಿ ಹೋಗಿ ಫರ್ಹಾನಾಳಿಗೆ ವಿಷಯ ಹೇಳಿದೆ. ಅವಳು "ಯಾ ಅಲ್ಲಾ" ಎಂದವಳು ನನ್ನ ಮುಖ ನೋಡಿ, "ಹೇಳಿ ಮೇಡಂ, ಎಲ್ಲಿಂದ ಶುರು ಮಾಡ್ಲಿ?" ಎಂದಳು.

ತುರ್ತು ಪ್ರಕಟಣೆ ನಮ್ಮ ಮ್ಯಾನುಯಲ್‌ನಲ್ಲಿ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇತ್ತು. ಮುಂಬೈಯಲ್ಲಿ ಕೂತು ಬರೆದವರಿಗೆ ನಮ್ಮ ವಿಮಾನ ಯಾರು ಹತ್ತುತ್ತಾರೆಂದು ಗೊತ್ತಿರಲಿಲ್ಲ. ಎರಡನ್ನೂ ಓದಿ ಮುಗಿಸಿ ಆಮೇಲೆ ನನ್ನ ಮಾತಿನಲ್ಲೇ ಹೇಳಿದೆ. "ಒಂದು ಚಕ್ರ ಗಟ್ಟಿ ನಿಂತಿದೆಯೋ ಇಲ್ವೋ ಗೊತ್ತಿಲ್ಲ. ಇಳಿಯುವಾಗ ವಿಮಾನ ವಾಲಬಹುದು. ನಾನು ಕೂಗಿದ ತಕ್ಷಣ ಬಗ್ಗಿ, ಹಣೆಯನ್ನ ಮುಂದಿನ ಸೀಟಿಗೆ ಒತ್ತಿ ಹಿಡ್ಕೊಳ್ಳಿ. ಕನ್ನಡಕ, ಪೆನ್ನು, ಹೇರ್‌ಪಿನ್, ಬಳೆ, ಚುಚ್ಚುವಂಥದ್ದು ಏನಿದ್ರೂ ತೆಗೆದುಬಿಡಿ." ಅಲ್ಲಲ್ಲಿ ಅಳು ಕೇಳಿಸಿತು. ಯಾರೋ ಜೋರಾಗಿ ದೇವರ ಹೆಸರು ಕೂಗತೊಡಗಿದರು.

ಆಮೇಲೆ ಸೀಟಿನ ಲೆಕ್ಕಕ್ಕೆ ಬಂದೆ. ಖಾಲಿ ಇದ್ದದ್ದು ಮೂರು ಸೀಟು, ಮೂರೂ ಹಿಂದೆ, ಚದುರಿದಂತೆ. ಏಳಬೇಕಾದವರು ನಾಲ್ವರು. ಮುನಿಶಾಮಪ್ಪ, ಅಕ್ಕಯ್ಯಮ್ಮ, ಅವರ ಹಿಂದಿನ ಸಾಲಿನ ತಾಯಿ ಮತ್ತು ಆಕೆಯ ಐದು ವರ್ಷದ ಮಗಳು. ಕಾಕ್‌ಪಿಟ್‌ನ ಹೆಚ್ಚುವರಿ ಸೀಟಿನಲ್ಲಿ ಕಂಪನಿಯ ಎಂಜಿನಿಯರ್ ಕೂತು ಆ ಲೈಟಿನೊಂದಿಗೇ ಗುದ್ದಾಡುತ್ತಿದ್ದರು. ಹಿಂದಿನವರೊಬ್ಬರು, "ಮೂರ್ ಜನ ಅಡ್ಜಸ್ಟ್ ಮಾಡ್ಕೊಂಡು ಕೂರ್ತೀವಿ ಬಿಡಿ ಮೇಡಂ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಒಂದು ಬೆಲ್ಟಿಗೆ ಒಬ್ಬರೇ. ಬೇರೊಬ್ಬರನ್ನು ಎಬ್ಬಿಸಿ ಅಪಾಯದ ಜಾಗಕ್ಕೆ ಕಳಿಸುವ ಹಕ್ಕು ನನಗಿರಲಿಲ್ಲ. ತಾನಾಗಿ ಬರುತ್ತೇನೆ ಎಂದು ಯಾರೂ ಹೇಳಲಿಲ್ಲ. ಅವರನ್ನು ನಾನು ದೂರುವುದಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಅಲ್ಲಿಗೆ ಬಂದು ಕೂರಲು ಹೆದರುತ್ತಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ಮುನಿಶಾಮಪ್ಪ ಹೇಳಿದರು. "ಇವಳನ್ನ ಕರ್ಕೊಂಡ್ ಹೋಗಮ್ಮ. ಈ ಸೀಟ್ ಹಿಡ್ದೋನು ನಾನು, ನಾನೇ ಇರ್ತೀನಿ."

ಅಕ್ಕಯ್ಯಮ್ಮ ಏಳಲಿಲ್ಲ. ಮುನಿಶಾಮಪ್ಪ ಗದರಿದರು, ಆಮೇಲೆ ಆಕೆಯ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ತಳ್ಳಿದರು. ನಾನು ಆಕೆಯನ್ನು ಕೊನೆಯ ಸಾಲಿಗೆ ಕರೆದೊಯ್ದು ಬೆಲ್ಟ್ ಹಾಕಿದೆ. ತಾಯಿ ಮಗಳನ್ನು ಫರ್ಹಾನಾ ಉಳಿದೆರಡು ಸೀಟಿನಲ್ಲಿ ಕೂರಿಸಿದಳು. ಮುನಿಶಾಮಪ್ಪನವರನ್ನು ಕಿಟಕಿಯಿಂದ ನಡುದಾರಿಯ ಕಡೆಯ ಸೀಟಿಗೆ ಸರಿಸಿದೆ. ನನ್ನಿಂದ ಆದದ್ದು ಅಷ್ಟೇ.

ಫರ್ಹಾನಾ ಹಿಂದಿನಿಂದ ಕರೆದಳು. "ಮೇಡಂ, ಇವ್ರು ಬಳೆ ತೆಗೀತಿಲ್ಲ."

ಗಾಜಿನ ಬಳೆ ಒಡೆದರೆ ಮಣಿಕಟ್ಟಿನ ನರವೇ ಕತ್ತರಿಸಿಹೋಗಬಹುದು. ಹೊತ್ತು ಮೀರುತ್ತಿತ್ತು, ನನಗೆ ಸಿಟ್ಟು ಬಂತು. "ಅಮ್ಮಾ, ತೆಗೀರಿ, ಕೈ ಕೊಯ್ದುಹೋಗುತ್ತೆ!" ಎಂದು ಕೂಗಿದೆ.

ಆಕೆ ಎರಡೂ ಕೈಯನ್ನು ಎದೆಗೆ ಅವುಚಿಕೊಂಡು ನನ್ನನ್ನು ನೋಡಿದರು. "ಆ ಮನುಷ್ಯ ಅಲ್ಲಿ ಫ್ಯಾನ್ ಪಕ್ಕ ಒಬ್ಬನೇ ಕೂತವ್ನೆ. ಈಗ ನಾನು ಬಳೆ ತೆಗೀಲಾ? ನೀನೇ ಹೇಳವ್ವ."

ಮ್ಯಾನುಯಲ್‌ನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮುಂದೆ ಓಡಿದೆ. ಮುನಿಶಾಮಪ್ಪನವರ ಹೆಗಲ ಮೇಲೆ ಸೀಟು ಹಿಡಿದಿದ್ದ ಅದೇ ಟವೆಲ್ ಇತ್ತು. "ತಾತ, ಟವೆಲ್ ಕೊಡಿ, ಅಮ್ಮನ ಬಳೆಗೆ ಸುತ್ತಬೇಕು" ಎಂದೆ. ಅವರು ಏನೂ ಕೇಳದೆ ಕೊಟ್ಟರು. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಉದ್ದಕ್ಕೆ ಸೀಳಿದೆ. ಒಂದೊಂದು ಕೈಗೆ ಒಂದೊಂದು ತುಂಡು, ಬಳೆಗಳ ಮೇಲೆ ಬಿಗಿಯಾಗಿ ಸುತ್ತಿ ಗಂಟು ಹಾಕಿದೆ. ಓಡಿಬಂದು ಮುಂದಿನ ನನ್ನ ಸೀಟಿನಲ್ಲಿ ಬೆಲ್ಟ್ ಬಿಗಿದುಕೊಳ್ಳುವಷ್ಟರಲ್ಲಿ ಮನೆಗಳ ತಾರಸಿಗಳು ಕಿಟಕಿಯ ಮಟ್ಟಕ್ಕೆ ಬಂದಿದ್ದವು.

ನಮ್ಮ ಸೀಟು ಪ್ರಯಾಣಿಕರಿಗೆ ಮುಖ ಮಾಡಿರುತ್ತದೆ. "ಬಗ್ಗಿ! ತಲೆ ತಗ್ಗಿಸಿ!" ಎಂದು ಕೂಗಿದೆ. ಎಲ್ಲ ತಲೆಗಳೂ ಬಗ್ಗಿದವು, ಒಂದನ್ನು ಬಿಟ್ಟು. ಮುನಿಶಾಮಪ್ಪ ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದರು. ಗಂಟಲು ಹರಿಯುವಂತೆ ಮತ್ತೆ ಕೂಗಿದೆ. ಅವರಿಗೆ ಕೇಳಿಸಲೇ ಇಲ್ಲ. ಆಗ ಕೊನೆಯ ಸಾಲಿನಲ್ಲಿ ತಲೆಯೆತ್ತಿದ ಅಕ್ಕಯ್ಯಮ್ಮನವರ ದನಿ ಎದ್ದಿತು.

"ಬಗ್ಗಯ್ಯೋ! ಆ ಹುಡ್ಗಿ ಬಡ್ಕೊಂತಾ ಅವ್ಳೆ, ಬಗ್ಗು!"

ಅವರು ಬಗ್ಗಿದರು. ಬಲಗಡೆಯ ಚಕ್ರ ಮೊದಲು ನೆಲ ಮುಟ್ಟಿತು. ಕ್ಯಾಪ್ಟನ್ ಎಡಬದಿಯನ್ನು ಆದಷ್ಟು ಹೊತ್ತು ಎತ್ತಿಯೇ ಹಿಡಿದಿದ್ದರು. ನಾನು ಆ ಖಾಲಿ ಕಿಟಕಿ ಸೀಟಿನ ಆಚೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತಿದ್ದೆ. ಎಡಭಾಗ ಮೆಲ್ಲಗೆ ಇಳಿಯಿತು. ಒಂದು ಕುಲುಕು. ಈಗ ವಾಲುತ್ತದೆ, ಈಗ ವಾಲುತ್ತದೆ ಎಂದುಕೊಂಡೆ. ವಾಲಲಿಲ್ಲ. ವಿಮಾನ ರನ್‌ವೇ ಮೇಲೆ ನೆಟ್ಟಗೆ ನಿಂತಿತು. ಚಕ್ರ ಲಾಕ್ ಆಗಿಯೇ ಇತ್ತು, ಅದನ್ನು ಲೈಟಿಗೆ ತಿಳಿಸುವ ಸಣ್ಣ ಸೆನ್ಸರ್ ಕೆಟ್ಟಿತ್ತು ಎಂದು ಆಮೇಲೆ ತಿಳಿಯಿತು.

ಉಳಿದವರನ್ನೆಲ್ಲ ಇಳಿಸಿದ ಮೇಲೆ ಕೊನೆಯ ಸಾಲಿನಲ್ಲೇ ಕೂತಿದ್ದ ಅಕ್ಕಯ್ಯಮ್ಮನವರ ಬಳಿ ಹೋದೆ. ಗಂಟು ಬಿಚ್ಚಲು ನೋಡಿದೆ, ಆಗಲಿಲ್ಲ. ನನ್ನ ಎರಡೂ ಕೈ ನಡುಗುತ್ತಿದ್ದವು. ಉಗುರು ಸಿಕ್ಕಿಸಿದೆ, ಜಾರಿತು. ಅಷ್ಟರಲ್ಲಿ ಮುನಿಶಾಮಪ್ಪ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದೊಂದೇ ಗಂಟು ಬಿಚ್ಚಿ, ಬಳೆಗಳನ್ನು ಬೆರಳಿನಿಂದ ಸರಿಸಿ ಸರಿಸಿ ನೋಡಿದರು. ಒಂದೂ ಒಡೆದಿರಲಿಲ್ಲ.

"ಒಳ್ಳೇ ಟವೆಲ್ ಹರಿದ್ಬಿಟ್ಟೆಯಲ್ಲಮ್ಮ," ಎಂದರು ನನ್ನ ಕಡೆ ತಿರುಗಿ. ಅವರ ಕಣ್ಣಲ್ಲಿ ನೀರಿತ್ತು. ನಾನು ಅಲ್ಲೇ ಕೂತು ಗೊಳೋ ಎಂದು ಅತ್ತೆ.

ಮುಂದೆ ನಾನೇ ಟ್ರೇನರ್ ಆದೆ. ಚೂಪಾದ ವಸ್ತುಗಳನ್ನು ತೆಗೆಸಬೇಕು ಎಂಬ ಸಾಲು ಬಂದಾಗಲೆಲ್ಲ ಪುಸ್ತಕ ಮುಚ್ಚಿಟ್ಟು ಈ ಕಥೆ ಹೇಳುತ್ತಿದ್ದೆ. ಹೆದರಿದವರು ಕೈಯಲ್ಲಿ ಏನನ್ನಾದರೂ ಬಿಗಿಯಾಗಿ ಹಿಡಿದಿದ್ದರೆ ಕಿತ್ತುಕೊಳ್ಳಲು ಹೋಗಬೇಡಿ, ಯಾರಿಗಾಗಿ ಹಿಡಿದಿದ್ದಾರೆ ಎಂದು ಮೊದಲು ನೋಡಿ ಎನ್ನುತ್ತಿದ್ದೆ. ಆಗ ಯಾರಾದರೊಬ್ಬ ಹುಡುಗಿ ತಪ್ಪದೆ ಕೇಳುತ್ತಿದ್ದಳು, ನಿಮಗೆ ಭಯ ಆಗಲಿಲ್ವಾ ಮೇಡಂ ಎಂದು. ಆಗಿತ್ತು. ಈಗಲೂ ವಿಮಾನದ ಚಕ್ರ ಇಳಿಯುವ ಸದ್ದಿಗೆ ನನ್ನ ಕೈ ತಣ್ಣಗಾಗುತ್ತದೆ. ಹೆದರಿಕೊಳ್ಳಿ, ಪರವಾಗಿಲ್ಲ, ಗಂಟು ಕಟ್ಟಿ ಮುಗಿಸುವವರೆಗೆ ಕೈ ನಡುಗದಿದ್ದರೆ ಸಾಕು ಎಂದು ಅವರಿಗೆ ಹೇಳುತ್ತಿದ್ದೆ.